ವೇದಿಕೆ ಸಿಕ್ಕಿತು, ತರಗತಿ ಸಿಗಲಿಲ್ಲ

ಗಣಿತವೆಂದರೆ ಮುಖ ತಿರುಗಿಸುವವರೂ ಶಕುಂತಲಾದೇವಿಯವರ ಹೆಸರನ್ನು ಕೇಳಿಯೇ ಇರುತ್ತಾರೆ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 2013ರಲ್ಲಿ ಅದೇ ನಗರದಲ್ಲಿ ತೀರಿಕೊಂಡ ಈ ಅಸಾಮಾನ್ಯ ಮಹಿಳೆಯನ್ನು ಕುರಿತು ಅನು ಮೆನನ್ ನಿರ್ದೇಶಿಸಿದ ಹಿಂದಿ ಚಲನಚಿತ್ರ 2020ರ ಜುಲೈ 31ರಂದು ಅಮೆಜಾನ್ ಪ್ರೈಮ್ ಮೂಲಕ ಮನೆಮನೆಗೆ ಬಂತು. ಓದುಗರೇ, ನಿಮ್ಮಲ್ಲಿ ಅನೇಕರು ಅದನ್ನು ಮಕ್ಕಳೊಂದಿಗೆ ಕುಳಿತು ನೋಡಿ ಮೆಚ್ಚಿರಬಹುದು. ವಿದ್ಯಾ ಬಾಲನ್ ಅವರ ಅಭಿನಯ ಮೆಚ್ಚತಕ್ಕದ್ದೇ. ಆದರೆ ಪ್ರತಿಭಾವಂತ ಮಗುವೊಂದನ್ನು ಹೇಗೆ ನೋಡಬೇಕೆಂಬ ವಿಷಯದಲ್ಲಿ ಈ ಚಿತ್ರ ನಮ್ಮನ್ನು ಅರ್ಧ ದಾರಿಯಲ್ಲಿ ಕೈಬಿಡುತ್ತದೆಂದು ನನಗೆ ತೋರುತ್ತದೆ.

ಶಕುಂತಲಾದೇವಿಯವರ ತಂದೆ ಸರ್ಕಸ್ಸಿನಲ್ಲಿ ದುಡಿಯುತ್ತಿದ್ದವರು. ಸುಮಾರು ಮೂರು ವರ್ಷದ ಮಗಳಿಗೆ ಇಸ್ಪೀಟು ಎಲೆಗಳ ಆಟ ಕಲಿಸುವಾಗ ಅವಳ ನೆನಪಿನ ಶಕ್ತಿ ಅವರ ಗಮನಕ್ಕೆ ಬಂತು. ಆಮೇಲೆ ಊರೂರಿನ ಪ್ರದರ್ಶನಗಳು. ಆರನೆಯ ವಯಸ್ಸಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಲೆಕ್ಕ ಬಿಡಿಸಿ ತೋರಿಸಿದ ಆ ಬಾಲಕಿಗೆ ಕ್ರಮಬದ್ಧವಾದ ಶಾಲಾಶಿಕ್ಷಣ ದೊರೆಯಲೇ ಇಲ್ಲ. ಚಿತ್ರದ ಅತ್ಯುತ್ತಮ ಭಾಗ ಇದೇ. ಆಟವಾಡಬೇಕಾದ ಹುಡುಗಿ ಮನೆಗೆ ಅನ್ನ ತರುವವಳಾಗುವುದು, ಅಕ್ಕನ ಸಾವು, ಮೌನವಾಗಿರುವ ತಾಯಿಯ ಮೇಲೆ ಮಗುವಿನ ಮನಸ್ಸಿನಲ್ಲಿ ಹೆಪ್ಪುಗಟ್ಟುವ ಸಿಟ್ಟು ಇವೆಲ್ಲವನ್ನೂ ನಿರ್ದೇಶಕಿ ಮುಚ್ಚುಮರೆಯಿಲ್ಲದೆ ತೋರಿಸುತ್ತಾರೆ. ಮುಂದೆ ಆಕೆ ತಾಯಿಯಾದಾಗ ಅದೇ ಗಾಯ ಮಗಳಿಗೂ ತಗಲುತ್ತದೆ.

ಇಷ್ಟು ಕಂಡ ಚಿತ್ರ ಇನ್ನೊಂದನ್ನು ಕಾಣುವುದಿಲ್ಲ. ದೊಡ್ಡ ಸಂಖ್ಯೆ, ಕ್ಷಣಾರ್ಧದಲ್ಲಿ ಉತ್ತರ, ಚಪ್ಪಾಳೆ: ಎರಡು ಗಂಟೆಗಳ ಕಾಲ ಲೆಕ್ಕವೆಂದರೆ ಇಷ್ಟೇ. ತಂದೆಯನ್ನು ದೂರುವ ಚಿತ್ರವೇ ತಂದೆಯ ಕೆಲಸವನ್ನು ಮುಂದುವರಿಸುತ್ತದೆ. ಮಗುವನ್ನು ವೇದಿಕೆಗೆ ಹತ್ತಿಸುತ್ತದೆ, ಅದರ ಮನಸ್ಸು ಹೇಗೆ ನಡೆಯಿತೆಂದು ಕೇಳುವುದಿಲ್ಲ.

ಕೇಳುವಂತಹ ವಿಷಯ ಖಂಡಿತ ಇತ್ತು. 1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಶಕುಂತಲಾದೇವಿಯವರನ್ನು ಪರೀಕ್ಷಿಸಿದರು. ಆಗ ಕೇಳಲಾದ ಪ್ರಶ್ನೆಗಳಲ್ಲೊಂದು 6,16,29,875ರ ಘನಮೂಲ. ಜೆನ್ಸನ್ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಮೊದಲೇ ಆಕೆ 395 ಎಂದರು. ಪವಾಡವೆನ್ನೋಣವೇ? ಪೆನ್ಸಿಲು ಹಿಡಿದು ನೋಡಿ. 300ರ ಘನ 2 ಕೋಟಿ 70 ಲಕ್ಷ, 400ರ ಘನ 6 ಕೋಟಿ 40 ಲಕ್ಷ. ಆದ್ದರಿಂದ ಉತ್ತರ ಇವೆರಡರ ನಡುವೆ, 400ಕ್ಕೆ ತೀರ ಹತ್ತಿರ. ಕೊನೆಯ ಅಂಕಿ 5 ಆದರೆ ಘನಮೂಲದ ಕೊನೆಯ ಅಂಕಿಯೂ 5. ಸಂಖ್ಯೆ ಪೂರ್ಣ ಘನವೆಂದು ತಿಳಿದಿದ್ದರೆ 395ರ ಹೊರತು ಬೇರೆ ಉತ್ತರಕ್ಕೆ ಎಡೆಯಿಲ್ಲ. ಆಕೆ ಹೀಗೆಯೇ ಯೋಚಿಸಿದರೆಂದು ನಾನು ಹೇಳುತ್ತಿಲ್ಲ. ಆ ವೇಗ ನಮ್ಮೆಲ್ಲರ ಅಳವಿಗೆ ಮೀರಿದ್ದು. ಆದರೆ 1990ರಲ್ಲಿ ಪ್ರಕಟವಾದ ಜೆನ್ಸನ್‌ರ ಬರಹದ ಪ್ರಕಾರ, ಸರಳ ಪ್ರತಿಕ್ರಿಯೆಯ ವೇಗವನ್ನು ಅಳೆಯುವ ಪರೀಕ್ಷೆಗಳಲ್ಲಿ ಆಕೆ ಅಸಾಧಾರಣರೇನೂ ಆಗಿರಲಿಲ್ಲ. ಸಂಖ್ಯೆಗಳೊಡನೆ ಬಾಲ್ಯದಿಂದ ಬೆಳೆದ ಸಲಿಗೆಗೆ ಇದರಲ್ಲಿ ದೊಡ್ಡ ಪಾಲಿರಬೇಕು. ಸ್ವತಃ ಶಕುಂತಲಾದೇವಿಯವರೇ 1977ರ ತಮ್ಮ 'ಫಿಗರಿಂಗ್' ಎಂಬ ಪುಸ್ತಕದಲ್ಲಿ ಲೆಕ್ಕದ ದಾರಿಗಳನ್ನು ಸಾಮಾನ್ಯ ಓದುಗರಿಗೆ ಬಿಡಿಸಿಟ್ಟರು. ಕಲಿಸುವ ಆ ಶಕುಂತಲಾದೇವಿಗೆ ಚಿತ್ರದಲ್ಲಿ ಜಾಗ ಸಾಲದಾಯಿತು.

ಇದನ್ನು ಇಷ್ಟು ಹಿಗ್ಗಿಸಿ ಹೇಳಲು ಕಾರಣ ನಮ್ಮ ಶಾಲೆಗಳು. ಚುರುಕಾದ ಮಗು ಹತ್ತು ಲೆಕ್ಕಗಳನ್ನು ಹತ್ತು ನಿಮಿಷದಲ್ಲಿ ಮುಗಿಸಿದರೆ ನಾವು ಅದೇ ಬಗೆಯ ಇನ್ನೂ ಹತ್ತು ಕೊಡುತ್ತೇವೆ, ಇಲ್ಲವೇ ಉಳಿದವರ ನೋಟ್‌ಪುಸ್ತಕ ತಿದ್ದಲು ಹೇಳುತ್ತೇವೆ. ವರ್ಷಕ್ಕೊಮ್ಮೆ ಶಾಲಾ ವಾರ್ಷಿಕೋತ್ಸವದಲ್ಲೋ ಧರ್ಮಕೇಂದ್ರದ ಹಬ್ಬದ ವೇದಿಕೆಯಲ್ಲೋ ಶಾಲು ಹೊದಿಸುತ್ತೇವೆ. ಬೇಸತ್ತ ಮಗು ಕಿಟಕಿಯಾಚೆ ನೋಡಿದರೆ, ಎದುರುತ್ತರ ಕೊಟ್ಟರೆ, ತುಂಟನೆಂಬ ಹೆಸರು ಅಂಟುತ್ತದೆ. ಇಂಗ್ಲಿಷ್ ತಡವರಿಸುವ ಕೂಲಿಕಾರರ ಮಗಳ ಪ್ರತಿಭೆಯಂತೂ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಅಂಕಪಟ್ಟಿ ಎಲ್ಲವನ್ನೂ ಹೇಳುವುದಿಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಶಿಕ್ಷಕರೊಬ್ಬರೇ ಏನು ಮಾಡಿಯಾರು ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೂ 'ಉತ್ತರ ಹೇಗೆ ಬಂತು, ಇನ್ನೊಂದು ದಾರಿ ಇದೆಯೇ' ಎಂದು ಕೇಳಲು ಹಣ ಬೇಕಿಲ್ಲ. ಮುಂದಿನ ತರಗತಿಯ ಪುಸ್ತಕವೊಂದನ್ನು ಕೈಗಿಡಲೂ ಬೇಕಿಲ್ಲ.

ಕಾಕತಾಳೀಯವೆಂಬಂತೆ, ಚಿತ್ರ ಬಿಡುಗಡೆಯಾಗುವ ಎರಡೇ ದಿನ ಮೊದಲು, 2020ರ ಜುಲೈ 29ರಂದು, ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅಂಗೀಕರಿಸಿತು. ವಿಶೇಷ ಪ್ರತಿಭೆಯುಳ್ಳ ಮಕ್ಕಳನ್ನು ಗುರುತಿಸಿ ಪೋಷಿಸಬೇಕು, ಶಿಕ್ಷಕರ ತರಬೇತಿಯಲ್ಲೇ ಅದಕ್ಕೆ ಸ್ಥಾನವಿರಬೇಕು ಎಂಬ ಮಾತು ಅದರಲ್ಲಿದೆ. ಆ ನೀತಿಯ ಇತರ ಅಂಶಗಳ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ಚರ್ಚೆ ಮುಗಿದ ಮೇಲೆ, ಬೇಗ ಮುಗಿಸಿ ಸುಮ್ಮನೆ ಕೂರುವ ಮಗುವಿಗೆ ಶಾಲೆ ಏನು ಕೊಡುತ್ತಿದೆ ಎಂದು ಒಮ್ಮೆ ಕೇಳಿ. ಚಿತ್ರವನ್ನು ಮತ್ತೆ ನೋಡುವುದಾದರೆ, ಕರಿಹಲಗೆಯ ಮೇಲೆ ಸಂಖ್ಯೆ ಮೂಡಿದಾಗ ಸ್ವಲ್ಪ ನಿಲ್ಲಿಸಿ, ಮಕ್ಕಳ ಕೈಗೆ ಕಾಗದ ಪೆನ್ಸಿಲು ಕೊಡಿ.