ಹಾಫ್ ಕ್ಲಚ್‌ನ ಪರವಾಗಿ

ಮ್ಯಾನುವಲ್ ಕಾರನ್ನು ನಿಂತಲ್ಲಿಂದ ರಭಸವಾಗಿ ಹೊರಡಿಸುವ ವಿಚಾರದಲ್ಲಿ ನಮ್ಮಲ್ಲಿ ಎರಡು ಪಂಥಗಳಿವೆ. ನವಿ ಮುಂಬೈನ ಮಹಾಪೆಯ ಐಟಿ ಪಾರ್ಕುಗಳ ಕಾರುಹುಚ್ಚಿನ ಹುಡುಗರದು ಒಂದು: ಆರ್‌ಪಿಎಂ ಐದಾರು ಸಾವಿರಕ್ಕೆ ಏರಿಸು, ಕ್ಲಚ್ ಮೇಲಿನ ಕಾಲನ್ನು ತಟ್ಟನೆ ಕಿತ್ತುಬಿಡು. ಡ್ರೈವಿಂಗ್ ಸ್ಕೂಲಿನ ಮಾಸ್ತರರದು ಇನ್ನೊಂದು: ಪೆಡಲನ್ನು ಅರ್ಧಕ್ಕೆ ಹಿಡಿಯುವ ಹಾಫ್ ಕ್ಲಚ್ ಮಹಾಪಾಪ, ಪ್ಲೇಟ್ ಸುಟ್ಟುಹೋಗುತ್ತದೆ. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದ ಈ ಎರಡು ಪಂಥಗಳೂ ಮಾಡುವ ತಪ್ಪು ಒಂದೇ ಎಂಬುದು ನನ್ನ ತಕರಾರು. ಇಬ್ಬರ ಪಾಲಿಗೂ ಕ್ಲಚ್ ಎಂದರೆ ಮನೆಯ ಲೈಟಿನ ಸ್ವಿಚ್: ಒತ್ತಿದರೆ ಆಫ್, ಬಿಟ್ಟರೆ ಆನ್. ನಡುವೆ ಇರುವುದು ಇಬ್ಬರಿಗೂ ಬೇಡ. ನಿಜವಾದ ಕೆಲಸ ನಡೆಯುವುದೇ ಆ ನಡುವೆ.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಸ್ವಿಫ್ಟ್‌ನಂಥ ಸಣ್ಣ ಪೆಟ್ರೋಲ್ ಕಾರಿನ ಫಸ್ಟ್ ಗೇರಿನಲ್ಲಿ ಎಂಜಿನ್ ಹೆಚ್ಚುಕಡಿಮೆ 15 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ ಎರಡು ಮೀಟರಿಗೆ ತುಸು ಕಡಿಮೆ. ಹಾಗಾಗಿ ಪ್ರತಿ 1000 ಆರ್‌ಪಿಎಂಗೆ ಗಂಟೆಗೆ ಏಳೂವರೆ ಕಿ.ಮೀ. ವೇಗ. 3000ದಲ್ಲಿ ಹೊರಟರೆ ಎಂಜಿನ್‌ಗೂ ಚಕ್ರಕ್ಕೂ ತಾಳೆಯಾಗುವುದು ಕಾರು 22 ಕಿ.ಮೀ. ವೇಗ ಮುಟ್ಟಿದ ಮೇಲೆಯೇ. ಅಲ್ಲಿಯವರೆಗೆ ಏನಾದರೊಂದು ಜಾರಲೇಬೇಕು. ಕ್ಲಚ್ ಪ್ಲೇಟ್ ಜಾರಬೇಕು, ಇಲ್ಲವೇ ಟೈರ್ ಜಾರಬೇಕು. ಎರಡೂ ಬೇಡವೆಂದರೆ ಎಂಜಿನ್ ಉಸಿರುಕಟ್ಟಿ ಕುಸಿಯಬೇಕು. ಹಾಫ್ ಕ್ಲಚ್ ಇಲ್ಲದೆ ಒಳ್ಳೆಯ ಸ್ಟಾರ್ಟ್ ಎಂಬುದೇ ಇಲ್ಲ.

ಹುಡುಗರು ಕೂಡಲೇ ಕೇಳುವುದು: ಹಾಗಿದ್ದರೆ 6000ದಲ್ಲಿ ಇನ್ನೂ ಜೋರಾಗಿ ಹೋಗಬೇಕಲ್ಲ? ಹೋಗುವುದಿಲ್ಲ. ಜಾರುತ್ತಿರುವ ಕ್ಲಚ್ ಚಕ್ರಕ್ಕೆ ದಾಟಿಸುವುದು ತಿರುಗಿಸುವ ಬಲವಾದ ಟಾರ್ಕನ್ನು, ಆರ್‌ಪಿಎಂ ಅನ್ನಲ್ಲ. 2021ರ ಸ್ವಿಫ್ಟ್‌ನ 1.2 ಲೀಟರ್ ಎಂಜಿನ್ 113 ನ್ಯೂಟನ್ ಮೀಟರ್ ಕೊಡುವುದು 4400ರಲ್ಲಿ. ಅದರ 90 ಪಿಎಸ್ ಶಕ್ತಿ ಸಿಗುವ 6000ದಲ್ಲಿ ಟಾರ್ಕ್ 105ರ ಆಸುಪಾಸಿಗೆ ಇಳಿದಿರುತ್ತದೆ. ಸದ್ದು ಹೆಚ್ಚು, ನೂಕುಬಲ ಕಡಿಮೆ. ಕ್ಲಚ್ ಕಿತ್ತಾಗ ಬೆನ್ನಿಗೆ ಬೀಳುವ ಆ ಗುದ್ದು ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಅದು ಎಂಜಿನ್ ಹುಟ್ಟಿಸಿದ ಬಲವಲ್ಲ, ಫ್ಲೈವೀಲ್ ಅದುವರೆಗೆ ಕೂಡಿಟ್ಟ ಸುತ್ತಿನ ಶಕ್ತಿ ಒಂದೇ ಏಟಿಗೆ ಸುರಿದದ್ದು. ಅದನ್ನು ಹಿಡಿದುಕೊಳ್ಳಲು ಟೈರಿಗೆ ತಾಕತ್ತು ಬೇಕಲ್ಲ? ಮುಂಚಕ್ರ ಎಳೆಯುವ ಕಾರು ಹೊರಟ ಕ್ಷಣದಲ್ಲೇ ಭಾರ ಹಿಂದಕ್ಕೆ ಸರಿಯುತ್ತದೆ. ಹಿಡಿತ ಬೇಕಾದ ಹೊತ್ತಿನಲ್ಲೇ ಮುಂದಿನ ಟೈರುಗಳು ಹಗುರಾಗುತ್ತವೆ. ಒಣ ರಸ್ತೆಯಲ್ಲಿ ಶೇ. 10-15ರಷ್ಟು ಜಾರುವ ಟೈರ್ ಅತಿ ಹೆಚ್ಚು ಎಳೆಯುತ್ತದೆ ಎಂಬ ಪ್ರತಿವಾದ ಸರಿಯಾದದ್ದೇ. ಆದರೆ ಕ್ಲಚ್ ಕಿತ್ತವನ ಟೈರ್ ಅಲ್ಲಿ ನಿಲ್ಲುವುದಿಲ್ಲ, ಗಿರಗಿರನೆ ತಿರುಗಿ ಹೊಗೆಯಾಡುತ್ತದೆ, ಜೊತೆಗೆ ಡ್ರೈವ್‌ಶಾಫ್ಟ್‌ಗೂ ಎಂಜಿನ್ ಮೌಂಟಿಂಗ್‌ಗೂ ಏಟು ಕೊಡುತ್ತದೆ. ಜುಲೈ ಮಳೆಯಲ್ಲಿ ನೆನೆದ ರಸ್ತೆಯಾದರಂತೂ ಹೇಳುವುದೇ ಬೇಡ.

ಇನ್ನು ಬಿಸಿಯ ಮಾತು. ಎಂಜಿನ್ ಸುತ್ತನ್ನು ಒಂದೇ ಮಟ್ಟದಲ್ಲಿ ಹಿಡಿದು ಕ್ಲಚ್ ಜಾರಿಸಿದರೆ, ತಾಳೆಯಾಗುವ ಹೊತ್ತಿಗೆ ಕಾರು ಗಳಿಸಿದಷ್ಟೇ ಶಕ್ತಿ ಬಿಸಿಯಾಗಿ ಪ್ಲೇಟಿಗೆ ಹೋಗಿರುತ್ತದೆ. ಸಾವಿರ ಕಿಲೋ ಕಾರು 3000ದಲ್ಲಿ ಹೊರಟರೆ ಸುಮಾರು 19 ಕಿಲೋಜೂಲ್, 6000ದಲ್ಲಾದರೆ ಅದರ ನಾಲ್ಕು ಪಟ್ಟು. ಸುತ್ತು ಇಮ್ಮಡಿ, ಬಿಸಿ ನಾಲ್ಮಡಿ, ಲಾಭ ಸೊನ್ನೆ.

ಹಾಗಾದರೆ ಮಾಸ್ತರರು ಗೆದ್ದರೇ? ಇಲ್ಲ. ಮಹಾಪೆಯಿಂದ ಶಿಳ್‌ಫಾಟಾ ಕಡೆಗೆ ಗುಡ್ಡದ ರಸ್ತೆ ಏರುವಾಗ ಟ್ರಕ್ಕುಗಳ ಹಿಂದೆ ಸಿಕ್ಕಿಬಿದ್ದ ಸಭ್ಯ ಚಾಲಕರನ್ನು ನೋಡಿ. ಹ್ಯಾಂಡ್‌ಬ್ರೇಕ್ ಎಳೆಯುವ ಬದಲು ಕ್ಲಚ್ಚಿನಲ್ಲೇ ಕಾರನ್ನು ತೂಗಿಸಿ ನಿಲ್ಲಿಸಿಕೊಂಡಿರುತ್ತಾರೆ. ಏರು ನೂರಕ್ಕೆ ಐದು ಎಂದಿಟ್ಟುಕೊಳ್ಳೋಣ. 1000 ಆರ್‌ಪಿಎಂನಲ್ಲಿ ಒಂದು ನಿಮಿಷ ಹೀಗೆ ನಿಂತರೆ ಪ್ಲೇಟಿಗೆ ಸೇರುವ ಬಿಸಿ 60 ಕಿಲೋಜೂಲ್ ಆಸುಪಾಸು, 3000ದ ರಭಸದ ಸ್ಟಾರ್ಟಿಗಿಂತ ಮೂರು ಪಟ್ಟು. ನಿಧಾನವಾಗಿ ಬರುವ ಬಿಸಿ ಫ್ಲೈವೀಲಿಗೆ ಹರಡಿಕೊಳ್ಳುತ್ತದೆ, ರಭಸದ ಬಿಸಿ ಪ್ಲೇಟಿನ ಮೈಮೇಲೇ ನಿಲ್ಲುತ್ತದೆ ಎಂದು ವಾದಿಸಬಹುದು. ವಾದಿಸಲಿ, ಆದರೆ ರಭಸದ ಸ್ಟಾರ್ಟಿನ ಜಾರಿಕೆ ಮುಗಿಯುವುದು ಒಂದೂವರೆ ಸೆಕೆಂಡಿನೊಳಗೆ, ಈ ನಿಲುಗಡೆ ದಿನವೂ ನಡೆಯುತ್ತದೆ. ಹಾಫ್ ಕ್ಲಚ್ ಬೇಡವೆಂದು ಕಲಿಸಿದವರು ಎಲ್ಲಿ ಬೇಡ, ಎಷ್ಟು ಹೊತ್ತು ಬೇಡ ಎಂದು ಕಲಿಸಲಿಲ್ಲ.

ಹಾಗಾದರೆ ಒಳ್ಳೆಯ ಸ್ಟಾರ್ಟಿನ ಕೈಚಳಕವೇನು, ಅಲ್ಲ, ಕಾಲ್ಚಳಕವೇನು? ಬಿಡುವಾಗ ಪೆಡಲಿನ ಮೊದಲ ಪಾಲು ಬರೀ ಖಾಲಿ ಚಲನೆ, ಅಲ್ಲಿ ಅವಸರವೇ ಒಳ್ಳೆಯದು. ಪ್ಲೇಟ್ ಹಿಡಿಯುವ ಜಾಗ ಬಂದಾಗ ಕಾಲು ನಿಲ್ಲಬೇಕು. ಒಂದೆರಡು ಸೆಂಟಿಮೀಟರಿನ ಆ ಪಟ್ಟಿಯಲ್ಲಿ ಆರ್‌ಪಿಎಂ ಮುಳ್ಳು ಕುಸಿಯದಂತೆ, ಟೈರು ಚೀರದಂತೆ ಕಾದು, ತಾಳೆಯಾದ ಮೇಲೆ ಪೂರ್ತಿ ಬಿಡಬೇಕು. ಒಂದೇ ವೇಗದಲ್ಲಿ ನಯವಾಗಿ ಬಿಡಿ ಎಂಬ ಜನಪ್ರಿಯ ಉಪದೇಶ ಇಲ್ಲಿ ಪೂರ್ತಿ ತಪ್ಪು. ಎಷ್ಟು ಆರ್‌ಪಿಎಂ ಎಂಬುದಕ್ಕೂ ಎಲ್ಲರಿಗೂ ಹೊಂದುವ ಸಂಖ್ಯೆಯಿಲ್ಲ. ರಂಜನಗಾಂವ್‌ನಲ್ಲಿ ತಯಾರಾಗುತ್ತಿದ್ದ ಫಿಯಟ್‌ನ 1.3 ಮಲ್ಟಿಜೆಟ್ ಡೀಸೆಲ್ ಎಂಜಿನ್ 190 ನ್ಯೂಟನ್ ಮೀಟರ್ ಕೊಡುತ್ತಿದ್ದದ್ದು 2000ದಲ್ಲಿ. ಅದಕ್ಕಿಂತ ಕೆಳಗೆ ಟರ್ಬೊ ನಿದ್ದೆಯಲ್ಲೇ ಇರುತ್ತಿತ್ತು, ಮುಳ್ಳನ್ನು ಅಲ್ಲಿಗೆ ಇಳಿಯಲು ಬಿಟ್ಟವನು ಕೆಟ್ಟ. ಕಾಫಿ ತೋಟಗಳ ಮಣ್ಣು ಹಾದಿಯ ರ‍್ಯಾಲಿಯಲ್ಲಿ ಮಾತ್ರ ಹುಡುಗರಿಗೆ ಅರ್ಧ ಅಂಕ ಕೊಡುತ್ತೇನೆ: ಸಡಿಲ ಮಣ್ಣಿನಲ್ಲಿ ಟೈರು ತುಸು ಹೆಚ್ಚೇ ತಿರುಗಿ ಗಟ್ಟಿ ನೆಲ ಹುಡುಕಬೇಕಾಗುತ್ತದೆ.

ಹೀಗೆ ಕ್ಲಚ್ ಜಾರಿಸುವುದು ಸಣ್ಣ ಕಾರಿನವರ ಜಿಪುಣತನ ಎನ್ನುವವರು ಫಾರ್ಮುಲಾ ಒನ್ ನೋಡಲಿ. ಅಲ್ಲಿ ಸ್ಟಾರ್ಟನ್ನು ಕಂಪ್ಯೂಟರಿಗೆ ಬಿಡುವ ಲಾಂಚ್ ಕಂಟ್ರೋಲ್ 2004ರಿಂದಲೇ ನಿಷಿದ್ಧ. 2015ರ ಬೆಲ್ಜಿಯಂ ಗ್ರ್ಯಾಂಡ್ ಪ್ರೀಯಿಂದ ಕ್ಲಚ್ ಹಿಡಿಯುವ ಬಿಂದುವನ್ನು ಹೊಂದಿಸಲು ಎಂಜಿನಿಯರರು ಕೊಡುವ ನೆರವಿಗೆ ಕಡಿವಾಣ ಹಾಕಿದರು, 2016ರಿಂದ ಸ್ಟಾರ್ಟಿಗೆ ಒಂದೇ ಕ್ಲಚ್ ಪ್ಯಾಡಲ್ ಎಂದರು. ಕೋಟಿಗಟ್ಟಲೆ ಬೆಲೆಯ ಕಾರಿನ ಸ್ಟಾರ್ಟು ಕೂಡ ಚಾಲಕನ ಬೆರಳು ಎಷ್ಟು ಜಾರಿಸಬಲ್ಲದು ಎಂಬಲ್ಲಿಗೇ ಬಂದು ನಿಂತಿತು.

ಥಾಣೆ-ಬೇಲಾಪುರ ರಸ್ತೆಯ ಸಿಗ್ನಲ್ ಈ ಕಾಲ್ಚಳಕದ ಪರೀಕ್ಷೆಯ ಜಾಗವಲ್ಲ ಎಂದು ಬೇರೆ ಹೇಳಬೇಕಿಲ್ಲ, ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇರುವುದೇ ರಸ್ತೆ ರೇಸನ್ನು ತಡೆಯಲು. ಆಸಕ್ತಿಯಿದ್ದವರಿಗೆ ಲೋಣಾವಳ ಬಳಿ ಆಂಬಿ ವ್ಯಾಲಿಯ ವಿಮಾನಪಟ್ಟಿಯಲ್ಲಿ ವ್ಯಾಲಿ ರನ್ ನಡೆದದ್ದುಂಟು, ಕಾರುಗಳ 402 ಮೀಟರಿನ ಓಟ. ನನ್ನ ದೂರು ಕೊನೆಗೆ ನಮ್ಮ ಆಟೊ ಪತ್ರಿಕೆಗಳ ಮೇಲೆ. 0-100 ಎಷ್ಟು ಸೆಕೆಂಡ್ ಎಂದು ದಶಮಾಂಶದವರೆಗೆ ಅಚ್ಚುಹಾಕಿ, ಅದನ್ನು ಕಾರಿನ ಗುಣವೆಂದೇ ಓದುಗರಿಗೆ ಮಾರುತ್ತಾರೆ. ಆ ಸಂಖ್ಯೆಯ ಮೊದಲ ಒಂದೂವರೆ ಸೆಕೆಂಡು ಪರೀಕ್ಷಕನ ಎಡಗಾಲಿನದು. ಎಷ್ಟು ಆರ್‌ಪಿಎಂನಲ್ಲಿ ಹೊರಟರು, ಕ್ಲಚ್ಚನ್ನು ಯಾವ ವೇಗದವರೆಗೆ ಜಾರಿಸಿದರು, ರಸ್ತೆ ಒಣಗಿತ್ತೋ ಇಲ್ಲವೋ ಎಂಬ ಮೂರು ವಿವರಗಳನ್ನು ಅದೇ ಪಟ್ಟಿಯ ಪಕ್ಕದಲ್ಲಿ ಅಚ್ಚುಹಾಕಲಿ, ಆಗ ಎರಡು ಕಾರುಗಳನ್ನು ಹೋಲಿಸಲು ನಾನೂ ಸಿದ್ಧ.