ಜೋಡುನಳಿಗೆಯ ಶ್ರುತಿ

ಜೋಡುನಳಿಗೆಯ ರೈಫಲನ್ನು ಮೊದಲ ಸಲ ಕೈಗೆ ತೆಗೆದುಕೊಂಡವರು ಅದರ ಎರಡು ನಳಿಗೆಗಳೂ ಸಮಾನಾಂತರವಾಗಿ ಸಾಗಿವೆಯೆಂದು ಭಾವಿಸುವುದು ಸಹಜ. ಆದರೆ ಅವು ಹಿಂಬದಿಯಿಂದ ಬಾಯಿಯ ಕಡೆಗೆ ಸಾಗಿದಂತೆಲ್ಲ ಕೂದಲೆಳೆಯ ಪ್ರಮಾಣದಲ್ಲಿ ಪರಸ್ಪರ ಸಮೀಪಿಸುತ್ತಿರುತ್ತವೆ. ಹೀಗೇಕೆಂಬುದನ್ನು ಅರಿಯದವನು ಈ ಆಯುಧಕ್ಕಾಗಿ ತಾನೇ ತೋಟಾ ತುಂಬಲು ಕೈಹಾಕಬಾರದು. ಬಲನಳಿಗೆಯ ಮದ್ದು ಹೊತ್ತಿಕೊಂಡು, ಗುಂಡು ಇನ್ನೂ ಒಳಗೇ ಓಡುತ್ತಿರುವ ಸೆಕೆಂಡಿನ ಸಾವಿರದ ಒಂದೆರಡು ಪಾಲಿನ ಅವಧಿಯಲ್ಲಿ, ಒದೆತದ ಬಲವು ಆಯುಧದ ಮಧ್ಯರೇಖೆಯಿಂದ ಬಲಕ್ಕೆ ಸರಿದು ವರ್ತಿಸುವುದರಿಂದ, ಇಡೀ ರೈಫಲು ಹಿಂದಕ್ಕೆ ಸರಿಯುತ್ತ, ಮೇಲಕ್ಕೇಳುತ್ತ, ಬಲಕ್ಕೆ ಹೊರಳುತ್ತದೆ. ಎಡನಳಿಗೆಯನ್ನು ಹಾರಿಸಿದರೆ ಎಡಕ್ಕೆ. ಹೊರಮುಖವಾದ ಈ ಹೊರಳಿಕೆಯನ್ನೂ ಒಳಮುಖವಾದ ಆ ಓರೆಯನ್ನೂ ಸರಿದೂಗಿಸಿ, ಎರಡು ಗುಂಡುಗಳೂ ಗುರಿಹಲಗೆಯ ಮೇಲೆ ಒಂದರ ಪಕ್ಕದಲ್ಲೊಂದು ಬೀಳುವಂತೆ ಮಾಡುವುದರಲ್ಲಿಯೇ ಈ ಶಿಲ್ಪದ ಸಾರವೆಲ್ಲ ಅಡಗಿದೆ.

ಈ ಕೆಲಸಕ್ಕೆಂದೇ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳ ಕೋವಿಗಾರರಲ್ಲಿ ಪ್ರತ್ಯೇಕ ಕುಶಲಿಗಳಿದ್ದರು. ಎರಡು ಬಾಯಿಗಳ ನಡುವೆ ಸಣ್ಣದೊಂದು ಬೆಣೆಯನ್ನಿಟ್ಟು ಬೆಸುಗೆ ಹಾಕಿ, ಹಾರಿಸಿ ನೋಡಿ, ಬೆಸುಗೆಯನ್ನು ಕಾಯಿಸಿ ಸಡಿಲಿಸಿ, ಬೆಣೆಯನ್ನು ತುಸುವೇ ಸರಿಸಿ ಮತ್ತೆ ಹಾರಿಸುವ ಅವರ ತಾಳ್ಮೆಯು, ತಂಬೂರಿಯ ಜೀವಾಳದ ನೂಲನ್ನು ಎಳ್ಳುಕಾಳಿನಷ್ಟು ಅತ್ತಿತ್ತ ಸರಿಸುತ್ತ ನಾದವು ಬಿಚ್ಚಿಕೊಳ್ಳುವ ಬಿಂದುವಿಗಾಗಿ ಕಿವಿಗೊಟ್ಟು ಕುಳಿತ ವಾದಕನ ತಾಳ್ಮೆಯೇ ಸರಿ. ಹೀಗೆ ಕೂಡಿಬಂದ ಶ್ರುತಿ ಒಂದೇ ಒಂದು ಬಗೆಯ ತೋಟಾಕ್ಕೆ ಮಾತ್ರ ಸಲ್ಲುವಂಥದು. ನಳಿಗೆಗಳನ್ನು ಕಳಚಿ ಕೆಳಮುಖ ಮಾಡಿದರೆ, ಮದ್ದಿನ ತೂಕವೆಷ್ಟು, ಗುಂಡಿನ ತೂಕವೆಷ್ಟು ಎಂಬುದನ್ನು ಉಕ್ಕಿನ ಚಪ್ಪಟೆಯ ಮೇಲೆ ಕೆತ್ತಿರುವುದು ಕಾಣುತ್ತದೆ. ಗುಂಡು ಮೆಲ್ಲಗೆ ಹೊರಟರೆ ಕೋವಿ ಹೆಚ್ಚು ಹೊರಳಲು ಅವಕಾಶವಾಗಿ ಬಲದ ಏಟು ಬಲಕ್ಕೂ ಎಡದ ಏಟು ಎಡಕ್ಕೂ ಅಗಲಿ ಬೀಳುತ್ತವೆ. ಬೇಗನೆ ಹೊರಟರೆ ಅವೇ ಏಟುಗಳು ಒಂದನ್ನೊಂದು ಹಾಯ್ದು ತಿರುವುಮುರುವಾಗುತ್ತವೆ.

ನಾನು ನೆಲೆಸಿರುವ ಅಮೆರಿಕೆಯ ಮೊಂಟಾನಾ ರಾಜ್ಯದಲ್ಲಿ ತೋಟಾಗಳನ್ನು ಮನೆಯಲ್ಲಿಯೇ ತುಂಬಿಕೊಳ್ಳುವುದು ಕಾನೂನುಸಮ್ಮತವಾದ, ಬಹುಜನರಿಗೆ ಪ್ರಿಯವಾದ ಹವ್ಯಾಸ. ನನ್ನ ಬಳಿಯಿರುವುದು 450/400 ಎಂದು ಕರೆಯಲ್ಪಡುವ, ಮೂರಂಗುಲ ಉದ್ದದ ಹಿತ್ತಾಳೆಯ ತೋಟಾಕ್ಕಾಗಿ ನಿರ್ಮಿತವಾದ ಹಳೆಯ ಜೋಡುನಳಿಗೆ. .450ರ ದಪ್ಪ ತೋಟಾದ ಕೊರಳನ್ನು ಕಿರಿದುಗೊಳಿಸಿ .400ರ ಗುಂಡನ್ನು ಕೂರಿಸಿದುದರಿಂದ ಈ ಹೆಸರು. ಕರಿಮದ್ದಿನ ಕಾಲದಿಂದ ಬಂದ ಮೂರೂಕಾಲಂಗುಲದ ತೋಟಾ ಒಂದು ಮೊದಲೇ ಇದ್ದಿತು. ಅದರ ನೀಳವಾದ ತೆಳುಗೊರಳು ಹೊಸ ಮದ್ದಿನ ಒತ್ತಡಕ್ಕೆ ನಳಿಗೆಯಲ್ಲಿ ಕಚ್ಚಿಕೊಂಡು ಹೊರಬರಲು ಹಟಮಾಡುತ್ತಿದ್ದುದರಿಂದ, ಡಬ್ಲ್ಯು. ಜೆ. ಜೆಫರಿ ಎಂಬ ಲಂಡನ್ನಿನ ಕೋವಿಗಾರ 1902ರಲ್ಲಿ ಕೊರಳನ್ನು ಮೊಟಕುಗೊಳಿಸಿ, ಬುಡದ ಅಂಚನ್ನು ದಪ್ಪಗೊಳಿಸಿ ಈ ಸುಧಾರಿತ ರೂಪವನ್ನು ಹೊರತಂದನು. ಕುಮಾವೂಂ ಬೆಟ್ಟಗಳಲ್ಲಿ ಜಿಮ್ ಕಾರ್ಬೆಟ್ಟರ ಕೈಯಲ್ಲಿದ್ದ ಜೋಡುನಳಿಗೆ ಇದೇ 450/400. ಬಂಡಾಯಗಾರರ ಕೈಯಲ್ಲಿದ್ದ ಮಾರ್ಟಿನಿ-ಹೆನ್ರಿ ಬಂದೂಕುಗಳಿಗೆ ಅದೇ ಅಳತೆಯ ಗುಂಡು ಉಪಯೋಗವಾದೀತೆಂಬ ಭಯದಿಂದ ಬ್ರಿಟಿಷ್ ಸರ್ಕಾರವು 20ನೇ ಶತಮಾನದ ಮೊದಲ ದಶಕದಲ್ಲಿ .450ರ ಕೋವಿಗಳನ್ನು ಭಾರತದಲ್ಲಿ ನಿಷೇಧಿಸಿದಾಗ .465, .470, .475 ಎಂಬ ಹೊಸ ಅಳತೆಗಳು ಹುಟ್ಟಿಕೊಂಡವು. ಆದರೆ ಬಾಯಿ ಕಿರಿದಾದ ಈ ತೋಟಾಕ್ಕೆ ಆ ನಿಷೇಧ ತಟ್ಟಲಿಲ್ಲ. ಆನೆಗೆ ಸಾಕಾಗುವಷ್ಟು ಬಲ, ಹೆಗಲಿಗೆ ಸಹ್ಯವಾಗುವಷ್ಟು ಒದೆತ. ದೊಡ್ಡ ತೋಟಾಗಳ ಆ ಕುಟುಂಬದಲ್ಲಿ ಇದರಷ್ಟು ಸೌಮ್ಯವೂ ಸಮತೋಲವೂ ಆದುದು ಇನ್ನೊಂದಿಲ್ಲವೆಂದು ನನ್ನ ದೃಢವಾದ ನಂಬಿಕೆ.

ಇದರ ಮೂಲದ ಮದ್ದು ಕಾರ್ಡೈಟ್. ಫ್ರೆಡರಿಕ್ ಏಬೆಲ್ ಮತ್ತು ಜೇಮ್ಸ್ ಡ್ಯೂಯರ್ ಎಂಬ ವಿಜ್ಞಾನಿಗಳು 1889ರಲ್ಲಿ ರೂಪಿಸಿದ ಈ ಮದ್ದಿನಲ್ಲಿ ನೂರಕ್ಕೆ 58 ಪಾಲು ನೈಟ್ರೋಗ್ಲಿಸರಿನ್, 37 ಪಾಲು ಗನ್‌ಕಾಟನ್, ಉಳಿದುದು ವ್ಯಾಸಲೀನು. ನಳಿಗೆಯನ್ನು ನುಣುಪಾಗಿಡಲೆಂದು ಬೆರೆಸಿದ ಆ ವ್ಯಾಸಲೀನು ಮದ್ದನ್ನು ಬಹುಕಾಲ ಕೆಡದಂತೆ ಕಾಪಾಡುವ ರಕ್ಷಕವೂ ಆಗಿ ಪರಿಣಮಿಸಿತು. ಕೈನಾಕ್ ಕಂಪನಿಯ ಹಳೆಯ ತೋಟಾವೊಂದರ ಗುಂಡನ್ನು ಕಿತ್ತು, ಅದರಡಿಯ ಬಿಲ್ಲೆಯನ್ನು ತೆಗೆದು ಓರೆಮಾಡಿದರೆ, ಕಂದುಬಣ್ಣದ ನೀಳವಾದ ಎಳೆಗಳ ಕಟ್ಟು ನುಸುಳಿಬರುತ್ತದೆ: ಉದ್ದದಲ್ಲಿ ಹೆಚ್ಚುಕಡಮೆ ಹಿತ್ತಾಳೆಯ ಒಡಲಿನಷ್ಟೇ ಇರುವ, ಬೆರಳಿಗೆ ಕೊಂಚ ಜಿಡ್ಡೆನಿಸುವ, ಬಾಗಿಸಿದರೆ ಬಾಗುವ ಎಳೆಗಳು. ಈ ಕಟ್ಟು ಕಿರಿದಾದ ಕೊರಳಿನೊಳಗೆ ತೂರುವಂಥದಲ್ಲವಾದುದರಿಂದ, ಕಾರ್ಖಾನೆಯವರು ಮೊದಲು ಮದ್ದನ್ನಿಟ್ಟು ಆಮೇಲೆ ಕೊರಳನ್ನು ಕಿರಿದುಗೊಳಿಸುತ್ತಿದ್ದರು! ಮೂರಂಗುಲದ ಈ ತೋಟಾಕ್ಕೆ 60 ಗ್ರೇನ್, ಎಂದರೆ ನಾಲ್ಕು ಗ್ರಾಮಿಗೆ ತುಸು ಕಡಮೆ ಕಾರ್ಡೈಟ್. 26 ಗ್ರಾಮಿನ ಗುಂಡು ಸೆಕೆಂಡಿಗೆ ಸುಮಾರು 2100 ಅಡಿಯ ವೇಗದಲ್ಲಿ ಹೊರಡಲು ಅಷ್ಟೇ ಸಾಕಾಗುತ್ತಿತ್ತು.

ಆದರೆ ಕಾರ್ಡೈಟಿಗೆ ಒಂದು ದೌರ್ಬಲ್ಯವಿದ್ದಿತು. ಬಿಸಿಲೇರಿದಂತೆ ಅದರ ಒತ್ತಡವೂ ಏರುತ್ತಿತ್ತು. ಇಂಗ್ಲೆಂಡಿನ ಚಳಿಯಲ್ಲಿ ವಿಧೇಯವಾಗಿದ್ದ ತೋಟಾ ಮಧ್ಯಭಾರತದ ವೈಶಾಖದಲ್ಲಿ ನಳಿಗೆಗೆ ಅಂಟಿಕೊಂಡು, ಗಾಯಗೊಂಡ ಮೃಗದೆದುರಿಗೆ ಬೇಟೆಗಾರನನ್ನು ನಿರಾಯುಧನನ್ನಾಗಿಸುವ ಸಂಭವವಿದ್ದುದರಿಂದ, ಉಷ್ಣದೇಶಗಳಿಗೆಂದು ಕೆಲವು ಗ್ರೇನ್ ಇಳಿಸಿದ ಬೇರೆಯೇ ತೋಟಾಗಳನ್ನು ತಯಾರಿಸಿ ಕಳುಹಿಸುತ್ತಿದ್ದರು. ನಮ್ಮ ಗುಂಡ್ಲುಪೇಟೆಯಿಂದ ಘಟ್ಟವೇರಿದರೆ ಸಿಗುವ ನೀಲಗಿರಿಯ ಅರವಂಕಾಡಿನಲ್ಲಿಯೂ ಸೈನ್ಯಕ್ಕಾಗಿ ಕಾರ್ಡೈಟ್ ಕಾರ್ಖಾನೆಯೊಂದು ಕಳೆದ ಶತಮಾನದ ಆದಿಯಲ್ಲಿಯೇ ಸ್ಥಾಪಿತವಾಯಿತು.

ಸಾಮ್ರಾಜ್ಯವು ಮುಗಿದು, ಬೇಟೆಯ ಯುಗವೂ ಮುಗಿಯುತ್ತ ಬಂದಾಗ ಕೈನಾಕಿನವರು ದೊಡ್ಡ ತೋಟಾಗಳ ತಯಾರಿಕೆಯನ್ನು ನಿಲ್ಲಿಸಿದರು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಗೆ ಅಂತ್ಯ ಹಾಡಿತು. ಅದು ಆಗಬೇಕಾದುದೇ ಆಗಿತ್ತು, ಅದರ ಬಗೆಗೆ ನನಗೆ ಎಳ್ಳಷ್ಟೂ ಖೇದವಿಲ್ಲ. ಆದರೆ ನೂರು ವರ್ಷ ಬಾಳಬಲ್ಲ ಉಕ್ಕು ಆಹಾರವಿಲ್ಲದೆ ಗೋಡೆಯ ಮೇಲೆ ಮೂಕವಾಗಿ ತೂಗಾಡುವುದನ್ನು ಮಾತ್ರ ನಾನು ಒಪ್ಪಲಾರೆ. ಅದಕ್ಕೆ ಮತ್ತೆ ದನಿ ಕೊಟ್ಟವರು ಅಮೆರಿಕ ಮತ್ತು ಆಸ್ಟ್ರೇಲಿಯಗಳ ಹವ್ಯಾಸಿಗಳು.

ಇಂದಿನ ಮದ್ದಿನಲ್ಲಿ ಎಳೆಗಳಿಲ್ಲ. ಗ್ರಾಫೈಟ್ ಲೇಪನದಿಂದ ಮಿರುಗುವ, ರಾಗಿಗಿಂತ ದೊಡ್ಡದಲ್ಲದ ಕಪ್ಪು ತುಣುಕುಗಳಿವೆ. ಹಲವು ಮದ್ದುಗಳಲ್ಲಿ ನೈಟ್ರೋಗ್ಲಿಸರಿನ್ ಇಲ್ಲವಾದುದರಿಂದ, ಅದೇ ವೇಗವನ್ನು ಪಡೆಯಲು ಕಾರ್ಡೈಟಿಗಿಂತ ಹೆಚ್ಚು ತೂಕದ ಮದ್ದು ಬೇಕು. ಇಲ್ಲಿಯೇ ಅವಿವೇಕಿಗಳು ಎಡವುವುದು. ವೇಗಮಾಪಕದ ಮುಂದೆ ಹಾರಿಸಿ, 2100 ಅಡಿ ಬಂದಿತೆಂದು ತೃಪ್ತರಾಗಿ ಅವರು ಮನೆಗೆ ಹೋಗುತ್ತಾರೆ. ಆದರೆ ಒದೆತವು ಗುಂಡಿನ ತೂಕದಿಂದ ಮಾತ್ರ ಹುಟ್ಟುವುದಿಲ್ಲ. ಅನಿಲವಾಗಿ ಹೊರನುಗ್ಗುವ ಮದ್ದಿನ ತೂಕವೂ ಅದರಲ್ಲಿ ಸೇರಿರುತ್ತದೆ. ವೇಗ ಒಂದೇ ಆದರೂ ಮದ್ದು ಭಾರವಾದರೆ ಕೋವಿಯ ಹೊರಳಿಕೆ ಬೇರೆಯಾಗುತ್ತದೆ. ಆದುದರಿಂದ ತೀರ್ಪು ಹೇಳಬೇಕಾದುದು ಗುರಿಹಲಗೆ. ಯಂತ್ರವು ಕೇವಲ ಸಾಕ್ಷಿ.

ಮದ್ದಿನ ಆಯ್ಕೆಯಲ್ಲಿ ಎರಡು ಪಂಥಗಳಿವೆ. ರೀಲೋಡರ್ 15ರಂತಹ ಮಧ್ಯಮವೇಗದ ಮದ್ದನ್ನು ಆರಿಸಿದವರಿಗೆ ತೂಕ ಕಡಮೆ, ಒದೆತವೂ ಕಡಮೆ, ಎರಡು ನಳಿಗೆಗಳು ಬೇಗ ಕೂಡಿಬರುತ್ತವೆ. ಆದರೆ ವಿಶಾಲವಾದ ಹಿತ್ತಾಳೆಯ ಒಡಲಿನಲ್ಲಿ ಮದ್ದು ಅರೆಬರೆ ತುಂಬಿ, ಕೋವಿಯನ್ನು ತಗ್ಗಿಸಿದಾಗ ಗುಂಡಿನ ಕಡೆಗೂ ಎತ್ತಿದಾಗ ಕೇಪಿನ ಕಡೆಗೂ ಸರಿದಾಡಿ, ಹೊತ್ತಿಕೊಳ್ಳುವ ರೀತಿ ಪ್ರತಿಸಲವೂ ಬದಲಾಗುತ್ತದೆ. ಇದನ್ನು ತಡೆಯಲು ಅವರು ಮೇಲೆ ಹಗುರವಾದ ನೊರೆರಬ್ಬರನ್ನೋ, ನಮ್ಮ ಹಳ್ಳಿಗಳಲ್ಲಿ ದಿಂಬಿಗೆ ತುಂಬುತ್ತಿದ್ದ ಬಿಳಿಬೂರುಗದ ಅರಳೆಯನ್ನೋ ಇಡುತ್ತಾರೆ. ಇನ್ನೊಂದು ಪಂಥ 4831ರಂತಹ ಮಂದಗತಿಯ ಮದ್ದಿನದು. ಎರಡನೆಯ ಮಹಾಯುದ್ಧದ 20 ಮಿಲಿಮೀಟರ್ ಫಿರಂಗಿಗಳಿಗೆಂದು ತಯಾರಾಗಿ ಮಿಕ್ಕಿದ್ದ ಈ ಮದ್ದನ್ನು ಬ್ರೂಸ್ ಹಾಜ್‌ಡನ್ ಎಂಬ ಅಮೆರಿಕನ್ ವ್ಯಾಪಾರಿ ಕೊಂಡು ಹವ್ಯಾಸಿಗಳಿಗೆ ಮಾರಿದನು; ಇಂದು ಅದರ ಸುಧಾರಿತ ರೂಪವು ಆಸ್ಟ್ರೇಲಿಯದ ಮುಲ್ವಾಲಾದಲ್ಲಿ ತಯಾರಾಗುತ್ತದೆ. ಇದು ಒಡಲನ್ನು ಹೆಚ್ಚುಕಡಮೆ ಕೊರಳಿನವರೆಗೂ ತುಂಬುತ್ತದೆ; ಅರಳೆಯ ಹಂಗಿಲ್ಲ.

ನಾನು ಈ ಎರಡನೆಯ ಪಂಥಕ್ಕೆ ಸೇರಿದವನು. ಮಂದಮದ್ದಿನಲ್ಲಿ ದೋಷವಿಲ್ಲವೆಂದಲ್ಲ. ಒತ್ತಡ ತಗ್ಗಿದ ತೋಟಾದಲ್ಲಿ ಅದು ಪೂರ್ತಿ ಉರಿಯದೆ ಕೆಲವು ಕಣಗಳು ಉಳಿದು, ಕೋವಿಯನ್ನು ಮುರಿದು ಖಾಲಿ ತೋಟಾ ತೆಗೆಯುವಾಗ ಹೊರಜಾರಿ, ತೋಟಾವನ್ನು ಮೇಲೆತ್ತುವ ಎಕ್ಸ್‌ಟ್ರ್ಯಾಕ್ಟರಿನ ಅಡಿಗೆ ಸೇರಿಕೊಂಡುಬಿಡುತ್ತವೆ. ಅಂತಹ ಒಂದೇ ಒಂದು ಕಣ ಸಿಕ್ಕಿಕೊಂಡರೂ ಸಾಕು, ಕೋವಿ ಮುಚ್ಚಲೊಲ್ಲದು. ಆದುದರಿಂದ ನಳಿಗೆಯ ಬಾಯಿಯನ್ನು ಮೇಲಕ್ಕೆತ್ತಿ ಕೋವಿ ತೆರೆಯುವ ಅಭ್ಯಾಸವನ್ನು ಬಿಟ್ಟುಬಿಡಬೇಕು. ಇಷ್ಟಾದರೂ ನಾನು ಅದನ್ನೇ ಮೆಚ್ಚುವುದಕ್ಕೆ ಕಾರಣ ಅದರ ಸ್ಥಿರಸ್ವಭಾವ. ಮೊಂಟಾನಾದ ಮಾಘಮಾಸದಲ್ಲಿ ಉಗುಳು ನೆಲಮುಟ್ಟುವ ಮೊದಲೇ ಹೆಪ್ಪುಗಟ್ಟುವಂತಿರುತ್ತದೆ, ಆಷಾಢದಲ್ಲಿ ಬಳ್ಳಾರಿಯ ಬಿಸಿಲನ್ನು ನೆನಪಿಸುವ ದಿನಗಳುಂಟು. ಎರಡರಲ್ಲಿಯೂ ಬಲದ ಏಟೂ ಎಡದ ಏಟೂ ಐವತ್ತು ಗಜದಲ್ಲಿ ಅಂಗೈಯಗಲದೊಳಗೇ ಬಂದು ಕೂರುತ್ತವೆ. ಕಾರ್ಡೈಟಿನ ಕಾಲದ ಕುಶಲಿಯು ಚಳಿಯ ಲಂಡನ್ನಿನಲ್ಲಿ ನಿಂತು, ತಾನೆಂದೂ ಕಾಣದ ಸೆಕೆಯನ್ನು ಊಹಿಸಿ ಬೆಣೆಯನ್ನು ಸರಿಸಬೇಕಾಗಿತ್ತು. ಅವನಿಗೆ ಈ ಮದ್ದು ದೊರೆತಿದ್ದರೆ!

ಹೊಸ ಮದ್ದಿನಿಂದ ಹಳೆಯ ತೋಟಾವನ್ನು ಇನ್ನಷ್ಟು ವೇಗಗೊಳಿಸಬಾರದೇ ಎಂದು ತರುಣರು ಕೇಳುವುದುಂಟು. ಕೂಡದು. ನೂರು ವರ್ಷದ ಬೆಸುಗೆಗೂ ಕೀಲಿಗೂ ಅದು ಅಪಾಯಕರವೆಂಬುದು ಒಂದು ಕಾರಣ. ಏಟುಗಳು ಹಾಯ್ದುಹೋಗಿ ಶ್ರುತಿ ಕೆಡುವುದು ಎರಡನೆಯದು. ಮದ್ದು ತಯಾರಕರ ಕೈಪಿಡಿಯಲ್ಲಿ ಮುದ್ರಿತವಾದ ಕನಿಷ್ಠ ಪ್ರಮಾಣದಿಂದ ಆರಂಭಿಸಿ, ಅರ್ಧರ್ಧ ಗ್ರೇನ್ ಏರಿಸುತ್ತ, ಏಟುಗಳು ಪಕ್ಕಪಕ್ಕದಲ್ಲಿ ಬಿದ್ದ ಕ್ಷಣವೇ ನಿಲ್ಲಿಸಬೇಕು. ಕೈಪಿಡಿ ಇನ್ನೂ ಏರಲು ಅನುಮತಿ ಕೊಟ್ಟರೂ ಏರಬಾರದು. ಪರೀಕ್ಷೆಯನ್ನು ನಿಂತು, ಎಡಗೈಯನ್ನು ಮಾತ್ರ ಆಸರೆಯ ಮೇಲಿಟ್ಟು ನಡೆಸಬೇಕು. ಮರಳಿನ ಚೀಲದ ಮೇಲೆ ಕೋವಿಯನ್ನೇ ಒತ್ತಿಟ್ಟು ಹಾರಿಸಿದರೆ ಅದು ತನ್ನ ಸಹಜಗತಿಯಲ್ಲಿ ಹೊರಳಲಾರದೆ ಸುಳ್ಳು ಹೇಳುತ್ತದೆ.

ಇವೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದುಂಟು. ಆ ಕಾಲದ ಕೋವಿಗಾರರು ಒಂದೇ ಹೆಸರಿನ ತೋಟಾಕ್ಕೆ ಕೊರೆದ ನಳಿಗೆಗಳು ಅಂಗುಲದ ಸಾವಿರದ ಕೆಲವು ಪಾಲಿನಷ್ಟು ಹೆಚ್ಚುಕಡಮೆಯಾಗಿರುತ್ತವೆ. ಮೆತುಸೀಸದ ತುಂಡನ್ನು ಎಣ್ಣೆಸವರಿದ ನಳಿಗೆಯೊಳಗೆ ಬಡಿದು ನೂಕಿ, ಹೊರಬಂದ ಸೀಸವನ್ನು ಅಳೆದು, ಅದಕ್ಕಿಂತ ದಪ್ಪವಾದ ಗುಂಡನ್ನು ಎಂದಿಗೂ ಬಳಸದಿರಬೇಕು. ಪೂರ್ತಿ ತಾಮ್ರದ ಹೊಸ ಗಟ್ಟಿಗುಂಡುಗಳು ಎಷ್ಟೇ ಪ್ರಖ್ಯಾತವಾಗಿರಲಿ, ತೆಳುಗೋಡೆಯ ಹಳೆಯ ನಳಿಗೆಗೆ ಅವು ಬೇಡ. ಆಸ್ಟ್ರೇಲಿಯದ ವುಡ್‌ಲೀಯವರು ಹಳೆಯ ಕೈನಾಕ್ ಗುಂಡಿನ ಆಕಾರವನ್ನನುಸರಿಸಿ ತಯಾರಿಸಿದ ಸೀಸಗರ್ಭದ ಗುಂಡುಗಳು ಸಿಕ್ಕಿದರೆ ಕೊಂಡಿಟ್ಟುಕೊಳ್ಳಿ.