ಗೋಡೆಯ ಗದ್ಯ, ಟ್ಯೂಬಿನ ಗದ್ಯ

ಕನ್ನಡದ ಗಂಡಸರು ಅತ್ಯಂತ ಏಕಾಗ್ರತೆಯಿಂದ ಓದುವ ಗದ್ಯ ಯಾವುದೆಂದು ಕೇಳಿದರೆ ಸಾಹಿತ್ಯಾಭ್ಯಾಸಿಗಳು ಒಂದೆರಡು ಕಾದಂಬರಿಗಳ ಹೆಸರು ಹೇಳಿಯಾರು. ಅಂಥವರು ಬಸ್ ನಿಲ್ದಾಣದ ಮೂತ್ರಾಲಯವನ್ನು ಹೊಕ್ಕವರಲ್ಲವೆಂದೇ ತಿಳಿಯಬೇಕು. ಅಲ್ಲಿಯ ಗೋಡೆಯ ಮೇಲೆ, ಕಣ್ಣಿನ ಎತ್ತರಕ್ಕೆ ಸರಿಯಾಗಿ, ಬೇರೆ ಕಡೆ ನೋಡಲು ಆಗದ ಆ ಒಂದು ನಿಮಿಷಕ್ಕೆಂದೇ ಬರೆದ ಬರೆಹವೊಂದಿರುತ್ತದೆ: ಗುಪ್ತರೋಗಗಳಿಗೆ ಚಿಕಿತ್ಸೆ, ಇಂಥ ಲಾಡ್ಜಿನ ಇಂಥ ಕೋಣೆಯಲ್ಲಿ, ತಿಂಗಳ ಇಂಥ ದಿನ. ರೈಲಿನಲ್ಲಿ ಹೋಗುವವರಿಗೆ ಇದೇ ಸಾಹಿತ್ಯ ಹಳಿಯ ಪಕ್ಕದ ಕಾಂಪೌಂಡುಗಳ ಮೇಲೆ, ಇನ್ನೂ ದಪ್ಪ ಅಕ್ಷರಗಳಲ್ಲಿ ದೊರೆಯುತ್ತದೆ. ವಿಮರ್ಶಕರಾರೂ ಇದನ್ನು ಕೈಗೆತ್ತಿಕೊಂಡಂತೆ ಕಾಣೆ. ಇಷ್ಟು ಓದುಗರಿರುವ ಬರೆಹವನ್ನು ಹೀಗೆ ಕಡೆಗಣಿಸುವುದು ಉಚಿತವಲ್ಲವೆಂದು ಈ ಮಾತುಗಳನ್ನು ಬರೆಯುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಉಂಟು. ಅದು ಮುಂದೆ ಬರುತ್ತದೆ.

ಮೊದಲು ಒಪ್ಪಿಕೊಳ್ಳಬೇಕಾದ ಮಾತು: ಗೋಡೆಯ ಗದ್ಯ ಒಳ್ಳೆಯ ಗದ್ಯ. ವಾಕ್ಯ ಚಿಕ್ಕದು, ಕ್ರಿಯಾಪದ ಖಚಿತ, ಓದುಗನ ಮೇಲಿನ ದೃಷ್ಟಿ ಒಂದು ಕ್ಷಣವೂ ಕದಲದು. ನಾಚಿಕೆ ಬೇಡ ಎನ್ನುತ್ತಲೇ ನಾಚಿಕೆಯನ್ನು ಹುಟ್ಟಿಸುವ ಅದರ ಜಾಣತನವನ್ನು ನಮ್ಮ ಎಷ್ಟೋ ಭಾವಗೀತೆಗಳು ಕಲಿಯಬಹುದಾಗಿತ್ತು. ಅದರ ಬಲವೆಲ್ಲ ಒಂದೇ ಸಮಾಸದಲ್ಲಿದೆ. ‘ಗುಪ್ತರೋಗ’ ಎಂದರೇನು? ಗುಪ್ತವಾದ ರೋಗವೆಂದು ಕರ್ಮಧಾರಯ ಮಾಡಬೇಕೋ, ಗುಪ್ತಾಂಗದ ರೋಗವೆಂದು ನಡುವಿನ ಪದವನ್ನು ತಂದುಕೊಳ್ಳಬೇಕೋ? ಬರೆದವನು ಬೇಕೆಂದೇ ಹೇಳಿಲ್ಲ. ಪರಂಗಿ ಹುಣ್ಣಿನವನೂ, ಉರಿಮೂತ್ರದವನೂ, ಕನಸಿನಲ್ಲಿ ಬಟ್ಟೆ ಒದ್ದೆಯಾಯಿತೆಂದು ಹೆದರಿದ ಹದಿನೆಂಟರ ಹುಡುಗನೂ, ಬರಿಯ ತೊಡೆಸಂದಿನ ತುರಿಕೆಯವನೂ ಆ ಒಂದು ಮಾತಿನ ಕೆಳಗೆ ಬಂದು ಸಾಲಾಗಿ ನಿಲ್ಲುತ್ತಾರೆ. ಎಲ್ಲರ ಕೈಗೂ ಒಂದೇ ಪೊಟ್ಟಣ. ಲೈಂಗಿಕ ರೋಗಗಳಿಗೆ, ಕುಷ್ಠಕ್ಕೆ, ತೊನ್ನಿಗೆ ಹೀಗೆ ಔಷಧ ಸಾರುವುದನ್ನು 1954ರ ಶಾಸನವೊಂದು ನಿಷೇಧಿಸಿದೆ. ಶಾಸನ ಕಾಗದದ ಮೇಲಿದೆ, ಸುಣ್ಣದ ಬರೆಹ ಗೋಡೆಯ ಮೇಲಿದೆ. ಓದುವವರು ಎರಡನೆಯದನ್ನೇ ಓದುತ್ತಾರೆ.

ಕನ್ನಡಕ್ಕೆ ಬೇರೆ ಪದಗಳಿಲ್ಲವೆಂದು ಹೀಗಾಯಿತೆ? ಖಂಡಿತ ಅಲ್ಲ. ಚರ್ಮದ ವಿಷಯದಲ್ಲಿ ನಮ್ಮ ಅಜ್ಜಿಯರ ಭಾಷೆ ಆಶ್ಚರ್ಯಕರವಾಗಿ ನಿಷ್ಕೃಷ್ಟವಾದುದು. ಉಂಗುರದಂತೆ ಹಬ್ಬುವುದು ತದ್ದು. ಅದನ್ನೇ ಕೆಲವೆಡೆ ಹುಳುಕಡ್ಡಿಯೆಂದೂ ಗಜಕರ್ಣವೆಂದೂ ಕರೆಯುತ್ತಾರೆ. ಬೆನ್ನು ಎದೆಗಳ ಮೇಲೆ ಮಾಸಲು ಮಚ್ಚೆಯಾಗಿ ಏಳುವುದು ಸಿಬ್ಬು. ರಾತ್ರಿ ಹೊತ್ತು ಮನೆಮಂದಿಯನ್ನೆಲ್ಲ ಕೆರೆಸುವುದು ಕಜ್ಜಿ. ಒಬ್ಬರಿಂದೊಬ್ಬರಿಗೆ ಅಂಟದೆ ಒಂದೇ ಕಡೆ ಕಾಡುವುದು ಇಸಬು. ಇಂದಿನ ಚರ್ಮವೈದ್ಯರು ಸೂಕ್ಷ್ಮದರ್ಶಕ ಹಿಡಿದು ಮಾಡುವ ವಿಂಗಡಣೆಯೂ ಹೆಚ್ಚುಕಡಿಮೆ ಇದೇ: ತದ್ದು ಬೂಷ್ಟಿನ ಜಾತಿಯದು, ಕಜ್ಜಿಗೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ, ಇಸಬಿನಲ್ಲಿ ಇವೆರಡೂ ಇಲ್ಲ. ನಾಚಿಕೆಯೂ ನಮ್ಮ ಹಳಬರ ಆಸ್ತಿಯಲ್ಲ. 11ನೆಯ ಶತಮಾನದಲ್ಲೇ ಚಂದ್ರರಾಜ ‘ಮದನತಿಲಕ’ವನ್ನು ಬರೆದ, ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಅಡುಗೆ, ಬಾವಿ, ಗಿಡಮರಗಳ ಜತೆಗೇ ವೈದ್ಯವನ್ನೂ ಇರಿಸಿದ, 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದ. ಮೈಯನ್ನು ಕುರಿತು ಕನ್ನಡದಲ್ಲಿ ಹೇಳಬಹುದೆಂಬ ಧೈರ್ಯ ಇವರಿಗೆಲ್ಲ ಇತ್ತು. ಇಂಗ್ಲಿಷರಿಗಿದ್ದ ಧೈರ್ಯ ಇನ್ನೊಂದು ಬಗೆಯದು. ತೊಡೆಸಂದಿನ ತದ್ದಿಗೆ ಅವರು ಇಟ್ಟ ಹೆಸರು ‘ಧೋಬಿ ಇಚ್’. ತಮ್ಮ ಬೆವರಿನ ತಪ್ಪನ್ನು ಅಗಸನ ತಲೆಗೆ ಕಟ್ಟಿ ನಿಶ್ಚಿಂತರಾದರು.

ಇನ್ನು ಆ ಎರಡನೆಯ ಕಾರಣ. ಮೂರು ವರ್ಷದ ಕೆಳಗೆ ಬೇಸಗೆಯಲ್ಲಿ ನನಗೆ ತೊಡೆಸಂದಿನಲ್ಲಿ ತದ್ದು ಆಯಿತು. ಇದನ್ನು ಇಲ್ಲಿ ಬರೆಯುವುದು ನನಗೆ ಸುಲಭವಾಗಿಲ್ಲ, ಆದರೆ ಬರೆಯದೆ ಮುಂದಿನ ಮಾತಿಗೆ ಆಧಾರವಿಲ್ಲ. ಬೀದಿಯ ಔಷಧದ ಅಂಗಡಿಗೆ ಹೋದೆ. ನನ್ನ ಹಿಂದೆ ಇಬ್ಬರು ಹೆಂಗಸರು ನಿಂತಿದ್ದರು. ಮೂವತ್ತು ವರ್ಷದಿಂದ ಕನ್ನಡದಲ್ಲಿ ಬರೆಯುತ್ತಿರುವ ನನಗೆ ಆ ಹೊತ್ತಿಗೆ ಒಂದು ಪದವೂ ಹೊಳೆಯಲಿಲ್ಲ. “ಸ್ಕಿನ್‌ಗೆ ಏನಾದರೂ ಕೊಡಿ” ಎಂದೆ. ಅಂಗಡಿಯ ಹುಡುಗ ಎಲ್ಲಿ, ಏನು ಎಂದು ಕೇಳಲಿಲ್ಲ. ಅವನ ದಾಕ್ಷಿಣ್ಯಕ್ಕೆ ನಾನು ಮನಸ್ಸಿನಲ್ಲೇ ವಂದಿಸಿದೆ. ಕೊಟ್ಟ ಟ್ಯೂಬು ಎರಡೇ ದಿನದಲ್ಲಿ ತುರಿಕೆಯನ್ನು ನಿಲ್ಲಿಸಿತು. ಬಿಟ್ಟರೆ ಮತ್ತೆ ಬಂತು, ಹಚ್ಚಿದರೆ ಹೋಯಿತು. ಹೀಗೆ ಎಂಟು ತಿಂಗಳು.

ಕೊನೆಗೆ ಕಂಡ ವೈದ್ಯರು ವಯಸ್ಸಾದವರು. ನಾನು ಸುತ್ತಿ ಬಳಸಿ ಪೀಠಿಕೆ ಹಾಕುತ್ತಿದ್ದುದನ್ನು ಅರ್ಧಕ್ಕೇ ತಡೆದು, “ತದ್ದೇನ್ರೀ?” ಎಂದರು. ಆ ಒಂದು ಪದ ಕೇಳಿ ನನಗಾದ ಸಮಾಧಾನವನ್ನು ಹೇಳಲಾರೆ.

“ಹೌದು, ಸಾರ್.”

“ಮನೆಯವರಿಗೂ ಇದೆಯೇ?”

“ಕೇಳಿಲ್ಲ.”

“ಹೋಗಿ ಕೇಳಿ. ಆಮೇಲೆ ಇಬ್ಬರೂ ಬನ್ನಿ.”

ಆ ರಾತ್ರಿ ಕೇಳಿದೆ. ನನ್ನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆರು ತಿಂಗಳಾಯಿತು ರೀ. ನಿಮ್ಮ ಟ್ಯೂಬನ್ನೇ ತೆಗೆದು ಹಚ್ಚಿಕೊಳ್ತಾ ಇದ್ದೆ. ಬೇಗ ಬೇಗ ಖರ್ಚಾಗ್ತಾ ಇದ್ದದ್ದು ನಿಮಗೆ ಗೊತ್ತಾಗಲಿಲ್ಲವೆ?” ಎಂದಳು. ಒಂದೇ ಮನೆ, ಒಂದೇ ಕಪಾಟು, ಒಂದೇ ಟ್ಯೂಬು. ನಡುವೆ ಒಂದು ಮಾತಿಲ್ಲ.

ಆ ಟ್ಯೂಬನ್ನು ಅಂದು ಮೊದಲ ಸಲ ಓದಿದೆ. ಓದಬೇಕಾದುದನ್ನು ಓದದೆ ಎಂಟು ತಿಂಗಳು ಬಳಸಿದ್ದು ಬರೆಹಗಾರನೆನಿಸಿಕೊಂಡವನಿಗೆ ಶೋಭೆಯಲ್ಲ, ನಿಜ. ಆದರೆ ಓದಲು ಅಲ್ಲಿ ಇದ್ದುದಾದರೂ ಏನು? ಇರುವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಔಷಧಗಳ ಹೆಸರು. ಅವುಗಳಲ್ಲಿ ಬೂಷ್ಟನ್ನು ಕೊಲ್ಲುವುದೂ ಇತ್ತು. ಜತೆಗೆ ಕ್ಲೊಬೆಟಸಾಲ್ ಎಂಬ, ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡುಗಳಲ್ಲೆಲ್ಲ ಅತಿ ಪ್ರಬಲವಾದುದೂ ಇತ್ತು. ವೈದ್ಯರು ವಿವರಿಸಿದ ಕಥೆ ಹೀಗೆ: ಸ್ಟಿರಾಯ್ಡು ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಏಕೆಂದರೆ ಬೂಷ್ಟಿನೊಡನೆ ಕಾದಾಡುತ್ತಿದ್ದ ಮೈಯ ಕಾವಲನ್ನೇ ಅದು ಮಲಗಿಸುತ್ತದೆ. ಕಾವಲು ಮಲಗಿದ ಮೇಲೆ ಕಳ್ಳ ಸದ್ದಿಲ್ಲದೆ ಮನೆಯೆಲ್ಲ ಓಡಾಡುತ್ತಾನೆ. ಉಂಗುರದ ಅಂಚು ಅಳಿಸಿಹೋಗಿ, ವೈದ್ಯರಿಗೇ ಗುರುತು ಸಿಗದಂತಾಗುತ್ತದೆ. ತೊಡೆಸಂದಿನ ಚರ್ಮ ಮೊದಲೇ ತೆಳು. ಅಲ್ಲಿ ಅದು ಇನ್ನೂ ತೆಳುವಾಗಿ ಬಸುರಿಯ ಹೊಟ್ಟೆಯ ಮೇಲಿನಂಥ ಗೆರೆಗಳು ಬೀಳುತ್ತವೆ. ತದ್ದು ವಾಸಿಯಾಗಬಹುದು, ಆ ಗೆರೆಗಳು ಹೋಗುವುದಿಲ್ಲ. ನನ್ನವೂ ಹೋಗಿಲ್ಲ.

ಇಂಥ ಮಿಶ್ರಣಗಳ ಹಾವಳಿ ದೇಶದ ತುಂಬ ಇದೆಯೆಂದು ಚರ್ಮವೈದ್ಯರು ವರ್ಷಗಳಿಂದ ಕೂಗುತ್ತಿದ್ದಾರೆ. ಮಾಮೂಲಿನ ಮಾತ್ರೆಗೆ ಬಗ್ಗದ ಹೊಸ ಬಗೆಯ ತದ್ದೇ ಈಗ ಹಬ್ಬಿದೆ. 2020ರಲ್ಲಿ ಅದಕ್ಕೆ ಶಾಸ್ತ್ರಜ್ಞರು ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ನಮ್ಮ ದೇಶದ ಹೆಸರನ್ನೇ ಸೇರಿಸಿ ನಾಮಕರಣ ಮಾಡಿದ್ದಾರೆ. ಹೆಮ್ಮೆಪಡುವ ವಿಷಯವೇನಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟಿರಾಯ್ಡು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಪಟ್ಟಿಗೆ ಸೇರಿಸಿತು. ಆ ಮಾತನ್ನು ಟ್ಯೂಬಿನ ಮೇಲೆ ಅಚ್ಚುಮಾಡಿಯೂ ಇದ್ದಾರೆ, ಇಂಗ್ಲಿಷಿನಲ್ಲಿ. ಕೆಡಿಸುವವನು ಗೋಡೆಯ ಮೇಲೆ ಮೊಳದುದ್ದದ ಕನ್ನಡದಲ್ಲಿ ಬರೆಯುತ್ತಾನೆ. ಕಾಯುವವನು ಟ್ಯೂಬಿನ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಾನೆ. ಯಾರ ಗದ್ಯ ಗೆಲ್ಲಬೇಕು?

ಮೂರನೆಯದೊಂದು ಗದ್ಯವಿದೆ, ಪತ್ರಿಕೆಗಳ ಆರೋಗ್ಯ ಪ್ರಶ್ನೋತ್ತರದ್ದು. ಇಲ್ಲಿ ಪ್ರಶ್ನೆಗಳು ಸೊಗಸು. ಹೆಸರು ಊರು ಬೇಡವೆಂದು ಬರೆದವನು ತನ್ನ ಸಂಕಟವನ್ನು ಸುಳ್ಳಿಲ್ಲದ ಮಾತಿನಲ್ಲಿ ಹೇಳಿಕೊಂಡಿರುತ್ತಾನೆ. ಉತ್ತರ ಬರುವಾಗ ಭಾಷೆ ಪಂಚೆಯುಟ್ಟು ಶಲ್ಯ ಹೊದೆಯುತ್ತದೆ. ತೊಡೆಸಂದಿನ ತುರಿಕೆ ‘ವಂಕ್ಷಣ ಪ್ರದೇಶದ ಶಿಲೀಂಧ್ರ ಸೋಂಕು’ ಆಗುತ್ತದೆ. ತದ್ದು ಇದ್ದವನಿಗೆ ತನ್ನದು ಅದೇ ಎಂದು ಗೊತ್ತಾಗುವುದಿಲ್ಲ. ಎಲ್ಲರೂ ಹೀಗಲ್ಲ. ‘ಕೊರವಂಜಿ’ಯ ರಾಶಿಯವರು, ಅಂದರೆ ಡಾಕ್ಟರ್ ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳನ್ನು ಕುರಿತ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನೇ ಪಡೆದರು. ವೈದ್ಯರೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು ಹೆಣ್ಣಿನ ಮೈಯನ್ನು ಕುರಿತು ಮರೆಯಿಲ್ಲದೆ ಬರೆದರು. ಅವರ ‘ವಧುವಿಗೆ ಕಿವಿಮಾತು’ ನನ್ನ ಹೆಂಡತಿಗೆ ಮದುವೆಯಲ್ಲಿ ಉಡುಗೊರೆಯಾಗಿ ಬಂತು. ವರನಿಗೆ ಬಂದುದು ಎರಡು ಗೋಡೆ ಗಡಿಯಾರ, ಒಂದು ಸೂಟ್‌ಕೇಸು. ಗಂಡಸಿನ ಮೈಗೆ ಕಿವಿಮಾತು ಬೇಕೆಂದು ನೆಂಟರಲ್ಲಿ ಯಾರಿಗೂ ತೋಚಿರಲಿಲ್ಲ.

ಬೇಕು ಎಂಬುದಕ್ಕೆ ಒಂದೇ ನಿದರ್ಶನ ಸಾಕು. ಶಿಶ್ನದ ತುದಿಯ ಚರ್ಮಕ್ಕೆ ಕನ್ನಡದಲ್ಲಿ ಒಳ್ಳೆಯ ಪದವಿದೆ, ಮುಂದೊಗಲು. ಅದನ್ನು ಅಚ್ಚಿನಲ್ಲಿ ಸಂಕೋಚವಿಲ್ಲದೆ ಬಳಸಿದುದು ಕನ್ನಡ ಬೈಬಲ್ಲು, ಸುನ್ನತಿಯ ಪ್ರಸ್ತಾಪ ಬರುವೆಡೆ. ಆರೋಗ್ಯದ ಬರೆಹಗಳಲ್ಲಿ ನಾನು ಅದನ್ನು ಕಂಡದ್ದು ತೀರ ಅಪರೂಪ. ನಡುವಯಸ್ಸಿನವನೊಬ್ಬನಿಗೆ ಮುಂದೊಗಲಿನಲ್ಲಿ ಮೇಲಿಂದ ಮೇಲೆ ಕೆಂಪು, ಉರಿ, ಸಣ್ಣ ಬಿರುಕು ಕಾಣಿಸಿ, ಹಿಂದಕ್ಕೆ ಸರಿಸಲು ಕಷ್ಟವಾಗತೊಡಗಿದರೆ, ಅದು ಎಷ್ಟೋ ಸಲ ಸಕ್ಕರೆ ಕಾಯಿಲೆಯ ಮೊದಲ ಸುಳಿವು. ರಕ್ತ ಪರೀಕ್ಷಿಸಿದರೆ ಅಂದೇ ತಿಳಿಯುತ್ತದೆ. ಆದರೆ ಅವನು ಅದನ್ನು ಪಾಪದ ಫಲವೆಂದೋ, ಗೋಡೆ ಹೇಳಿದ ಗುಪ್ತರೋಗವೆಂದೋ ಬಗೆದು ಟ್ಯೂಬು ಹಚ್ಚುತ್ತ ಕೂರುತ್ತಾನೆ. ಅಷ್ಟರಲ್ಲಿ ಸಕ್ಕರೆ ಕಣ್ಣು ಮೂತ್ರಪಿಂಡಗಳವರೆಗೆ ಹೋಗಿರುತ್ತದೆ. ಪದವೊಂದು ಬಳಕೆಯಲ್ಲಿಲ್ಲದಿದ್ದರೆ ಇಷ್ಟಾಗುತ್ತದೆಯೇ ಎಂದು ಕೇಳುವವರು ಔಷಧದ ಅಂಗಡಿಯ ಮುಂದೆ ನನ್ನ ಹಾಗೆ ನಿಂತು ನೋಡಬೇಕು.

ಧಾತುನಷ್ಟದ ಭಯ ಇದಕ್ಕಿಂತ ಹಳೆಯದು. ಅನ್ನ ರಸವಾಗಿ, ರಸ ರಕ್ತವಾಗಿ, ಹೀಗೆ ಏಳನೆಯ ಧಾತುವಾಗಿ ಶುಕ್ರ ಎಂಬ ಆಯುರ್ವೇದದ ಕ್ರಮವನ್ನು ಗೋಡೆಯ ಪಂಡಿತರು ಬೆದರಿಕೆಯ ಪತ್ರವಾಗಿ ಮಾರ್ಪಡಿಸಿದರು. ಈ ಭಯದಿಂದ ಬಳಲುವ ತರುಣರನ್ನು ಕಂಡು ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿ ಇದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ರೋಗ ಇರುವುದು ಕಳೆದುಹೋಗುವುದರಲ್ಲಲ್ಲ, ಕಳೆದುಹೋಯಿತೆಂಬ ಕೊರಗಿನಲ್ಲಿ.

ಈಗ ಹೊಸದಾಗಿ ಗಂಡಸಿನ ‘ಇಂಟಿಮೇಟ್ ವಾಷ್’ ಎಂಬುದು ಬಂದಿದೆ. ಗೋಡೆಯ ಪಂಡಿತ ರೋಗದ ಭಯ ಮಾರುತ್ತಿದ್ದ, ಇವರು ವಾಸನೆಯ ಭಯ ಮಾರುತ್ತಾರೆ. ಭಾಷೆ ಮಾತ್ರ ಇಸ್ತ್ರಿಯಾಗಿದೆ. ಹೆಚ್ಚು ಹೇಳಲು ಏನಿಲ್ಲ. ದಿನಕ್ಕೊಮ್ಮೆ ಬೆಚ್ಚನೆಯ ನೀರು, ಬೇಕಾದರೆ ಮೆದುವಾದ ಸಾಬೂನು, ಚೆನ್ನಾಗಿ ಒರೆಸಿಕೊಳ್ಳುವುದು, ಬಿಸಿಲಿಗೆ ಒಣಗಿದ ಸಡಿಲವಾದ ಹತ್ತಿಬಟ್ಟೆ ಸಾಕೆಂದು ನನ್ನ ವೈದ್ಯರು ಹೇಳಿದರು. ತದ್ದಿಗೆ ಇಬ್ಬರಿಗೂ ಮಾತ್ರೆ ಕೊಟ್ಟು, ಮಚ್ಚೆ ಮಾಯವಾದರೂ ಹೇಳಿದಷ್ಟು ವಾರ ಬಿಡಬಾರದೆಂದು ಕಟ್ಟಪ್ಪಣೆ ಮಾಡಿದರು. ಟವೆಲುಗಳನ್ನು ಬೇರೆ ಮಾಡಿಸಿದರು. ಸ್ಟಿರಾಯ್ಡು ನಿಲ್ಲಿಸಿದ ಮೊದಲ ವಾರಗಳ ತುರಿಕೆಯನ್ನು ವರ್ಣಿಸಲು ನಮ್ಮ ಅಲಂಕಾರಶಾಸ್ತ್ರದಲ್ಲಿ ರಸವಿಲ್ಲ. ನಾಲ್ಕು ತಿಂಗಳಿಗೆ ಇಬ್ಬರಿಗೂ ವಾಸಿಯಾಯಿತು.

ಹಳೆಯ ಟ್ಯೂಬನ್ನು ನಾನು ಬಿಸಾಡಿಲ್ಲ. ಬರೆಯುವ ಮೇಜಿನ ಮೇಲಿದೆ. ಮೊನ್ನೆ ಅದರ ಅಂಚಿನ ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ನೋಡಿದೆ. ‘ಡಾಕ್ಟರ ಚೀಟಿ ಇಲ್ಲದೆ ಮಾರಕೂಡದು.’ ನಾಲ್ಕು ಪದ. ಕಾಗದದ ಚೂರಿನ ಮೇಲೆ ಸಣ್ಣಗೆ ಬರೆದು ಟ್ಯೂಬಿಗೆ ಹಿಡಿದೆ. ಅಷ್ಟೇ ಜಾಗದಲ್ಲಿ ಹಿಡಿಸುತ್ತದೆ.